ಫೋನಿನಲ್ಲಿ ಪಾಠ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಗಣಿತ ಮತ್ತು ಕನ್ನಡ ಹೇಳಿಕೊಡುತ್ತೇನೆ. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳ ಮನೆಗೆ ಫೋನ್ ಮಾಡಿ ಪಾಠ ಶುರು ಮಾಡಿದೆ. ಶಾಲೆ ತೆರೆದ ಮೇಲೂ ಬಿಡಲಿಲ್ಲ. ಗುಳೆ ಹೋದವರ ಮಕ್ಕಳು, ಕಾಯಿಲೆಯಿಂದ ಮನೆಯಲ್ಲಿ ಉಳಿದವರು, ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡವರು, ಇವರಿಗೆಲ್ಲ ಇವತ್ತಿಗೂ ಫೋನೇ ದಾರಿ. ಬೆಳಗಾವಿ, ವಿಜಯಪುರದ ಕಡೆಯ ಶಿಕ್ಷಕರು, ತಂದೆತಾಯಿಗಳು ಕೇಳುವ ಪ್ರಶ್ನೆಗಳು ಸುಮಾರು ಒಂದೇ ಥರ ಇರುತ್ತವೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಫೋನಿನಲ್ಲಿ ಪಾಠ ಅಂದರೆ ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸೋದಾ?

ಅಲ್ಲ. ನಾನು ಹೇಳುತ್ತಿರುವುದು ಬರೀ ಮಾತಿನ ಕರೆ. ನಂಬರ್ ಒತ್ತಿ, ಆ ಕಡೆಯವರು ಎತ್ತಿ, ಇಬ್ಬರೂ ಮಾತಾಡುವುದು. ವಿಡಿಯೋ ಕಳಿಸಿದರೆ ಮಗು ನೋಡಿತೋ ಇಲ್ಲವೋ, ನೋಡಿದರೂ ತಿಳಿಯಿತೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ. ಕರೆಯಲ್ಲಿ ಮಗು ಬಾಯಿಬಿಟ್ಟು ಹೇಳಲೇಬೇಕು. ಫೋನಿನ ದೊಡ್ಡ ಲಾಭ ಅದೇ.

ಕೀಪ್ಯಾಡ್ ಫೋನ್ ಸಾಕಾ?

ಸಾಕು. ಚಾರ್ಜ್ ನಿಲ್ಲುವ ಫೋನ್ ಆದರೆ ಆಯಿತು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಸರ್ಕಾರ ಕೊಟ್ಟ ಪಠ್ಯಪುಸ್ತಕ ಮಗುವಿನ ಹತ್ತಿರ ಇರಲಿ. ಅದೇ ಪುಸ್ತಕ ನಿಮ್ಮ ಕೈಯಲ್ಲೂ ಇರಲಿ.

ಇದು ಕೊರೊನಾ ಕಾಲದಲ್ಲಿ ಹುಟ್ಟಿದ ಪದ್ಧತಿನಾ?

ಇಲ್ಲ, ತುಂಬಾ ಹಳೆಯದು. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೇ ಕಿವುಡ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಾಗಿದ್ದರು. ಅಮೆರಿಕದ ಅಯೋವಾ ರಾಜ್ಯದಲ್ಲಿ 1939ರಲ್ಲೇ, ಕಾಯಿಲೆಯಿಂದ ಮನೆ ಬಿಟ್ಟು ಬರಲಾಗದ ಮಕ್ಕಳಿಗೆ ಟೆಲಿಫೋನ್ ಮೂಲಕ ಪಾಠ ಶುರುವಾಯಿತು. 1965ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಊರೂರಿನ ಕೇಂದ್ರಗಳನ್ನು ಟೆಲಿಫೋನ್ ತಂತಿಯಿಂದ ಜೋಡಿಸಿತು. ಅದರಲ್ಲಿ ಮೊದಲು ಕಲಿತವರು ಡಾಕ್ಟರುಗಳು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದ ಮೇಲೆ, ದೂರದೂರಿನ ವಿದ್ಯಾರ್ಥಿಗಳ ಜೊತೆ ಅಲ್ಲಿನ ಶಿಕ್ಷಕರು ಫೋನಿನಲ್ಲಿ ಮಾತಾಡುತ್ತಿದ್ದರು.

ನಮ್ಮಲ್ಲಿ 2020ರ ಆಗಸ್ಟಿನಲ್ಲಿ ವಿದ್ಯಾಗಮ, ಅಂದರೆ ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಮಕ್ಕಳಿರುವ ಕಡೆ ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ, ಬಂದಿದ್ದು ನಿಮಗೆ ನೆನಪಿರಬಹುದು. ಯಾರ ಮನೆಯಲ್ಲಿ ಎಂಥ ಫೋನ್ ಇದೆ, ಯಾರ ಮನೆಯಲ್ಲಿ ಇಲ್ಲ ಅಂತ ಆಗ ಮಕ್ಕಳ ಪಟ್ಟಿ ಮಾಡಿದ್ದೆವು. ನನ್ನ ಪಾಲಿಗೆ ಅದು ಕಣ್ಣು ತೆರೆಸಿದ ಪಟ್ಟಿ. ಸ್ಮಾರ್ಟ್‌ಫೋನ್ ಇಲ್ಲದ ಮನೆ ಬಹಳ ಇದ್ದವು. ಯಾವ ಫೋನೂ ಇಲ್ಲದ ಮನೆ ಕೆಲವೇ ಇದ್ದವು.

ನಿಜವಾಗಲೂ ಕಲೀತಾರಾ? ಸುಮ್ನೆ ಹೂಂ ಹೂಂ ಅಂತಾರೆ ಅಷ್ಟೇ ಅಲ್ವಾ?

ನಾವು ಮಾತಾಡುತ್ತಾ ಹೋದರೆ ಹೂಂ ಹೂಂ ಅಂತಾರೆ, ನಿಜ. ಮಾತು ಅವರ ಕೈಗೆ ಕೊಟ್ಟರೆ ಕಲಿಯುತ್ತಾರೆ.

ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ 2020ರಲ್ಲಿ ಶಾಲೆ ಮುಚ್ಚಿದ್ದಾಗ ಸುಮಾರು 4,500 ಮನೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಎಸ್ಸೆಮ್ಮೆಸ್ ಮಾತ್ರ. ಕೆಲವು ಮನೆಗಳಿಗೆ ಎಸ್ಸೆಮ್ಮೆಸ್ ಜೊತೆಗೆ ವಾರಕ್ಕೊಂದು ಕರೆ, ಸುಮಾರು 20 ನಿಮಿಷ. ಇನ್ನು ಕೆಲವು ಮನೆಗಳಿಗೆ ಎರಡೂ ಇಲ್ಲ. ಕರೆ ಹೋದ ಮನೆಯ ಮಕ್ಕಳ ಕೂಡು, ಕಳೆ, ಗುಣಾಕಾರ, ಭಾಗಾಕಾರ ಸುಧಾರಿಸಿತ್ತು. ಬರೀ ಎಸ್ಸೆಮ್ಮೆಸ್ ಹೋದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆಮೇಲೆ ಭಾರತ, ಕೀನ್ಯಾ, ನೇಪಾಳ, ಫಿಲಿಪೀನ್ಸ್, ಉಗಾಂಡಗಳಲ್ಲೂ ಇದೇ ಕ್ರಮ ಮಾಡಿ ನೋಡಿದರು, ಅಲ್ಲೂ ಫಲ ಸಿಕ್ಕಿತು.

ಈ ಲೆಕ್ಕ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಎಸ್ಸೆಮ್ಮೆಸ್ ಎಲ್ಲರಿಗೂ ಒಂದೇ. ಕರೆ ಮಾಡಿದವರು ಮಾತ್ರ ಆ ಮಗು ಎಲ್ಲಿ ನಿಂತಿದೆ ಅಂತ ಕೇಳಿ, ಅಲ್ಲಿಂದ ಮುಂದೆ ಹೋಗುತ್ತಾರೆ.

ಒಂದು ಕರೆ ಹೇಗೆ ನಡೆಯುತ್ತೆ? ಉದಾಹರಣೆ ಕೊಡಿ.

ನನ್ನ ಮನಸ್ಸಿನಲ್ಲಿ ಉಳಿದ ಒಂದು ಕರೆ ಹೇಳುತ್ತೇನೆ. ಐದನೇ ಕ್ಲಾಸಿನ ಹುಡುಗಿ. ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗಿದ್ದರು, ಅವಳೂ ಜೊತೆಗೆ. ಸಂಜೆ ಏಳು ಗಂಟೆ. ಜೋಪಡಿಯ ಮುಂದೆ ಕೂತಿದ್ದಳು. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಸದ್ದು. 612ನ್ನು 6ರಿಂದ ಭಾಗಿಸು ಅಂದೆ.

"ಹನ್ನೆರಡು ಬಂತ್ರಿ ಅಕ್ಕೋರ."

"ಹೆಂಗ್ ಬಂತು? ಹೇಳ್ಕೋತ ಮಾಡು, ನಾ ಕೇಳ್ತೀನಿ."

"ಆರೊಂದ್ಲೆ ಆರ್ರಿ. ಒಂದ್ ಕೆಳಗ ಇಳಿಸಿದೆ. ಒಂದರಾಗ ಆರು ಹೋಗಂಗಿಲ್ಲ. ಎರಡೂ ಇಳಿಸಿದೆ, ಹನ್ನೆರಡಾತು. ಆರೆರಡ್ಲೆ ಹನ್ನೆರಡು. ಮುಗೀತ್ರಿ."

ಒಂದರಲ್ಲಿ ಆರು ಹೋಗುವುದಿಲ್ಲ ಅಂತ ಅವಳಿಗೆ ಗೊತ್ತು. ಹೋಗದಿದ್ದಾಗ ಮೇಲೆ ಸೊನ್ನೆ ಇಡಬೇಕು ಅನ್ನುವುದು ಗೊತ್ತಿಲ್ಲ. ತಪ್ಪು ಇಷ್ಟೇ. ಅದೇ ಮಗು ನನ್ನ ಕ್ಲಾಸಿನಲ್ಲಿ ವರ್ಷವಿಡೀ ಮೂರನೇ ಸಾಲಿನಲ್ಲಿ ಕೂತಿತ್ತು. ಬೋರ್ಡ್ ಮೇಲೆ ನಾನು ಬರೆದಿದ್ದನ್ನು ಚೆಂದಾಗಿ ಕಾಪಿ ಮಾಡುತ್ತಿತ್ತು. ನೋಟ್‌ಬುಕ್‌ನಲ್ಲಿ ಎಲ್ಲಾ ಸರಿಯಾಗೇ ಇತ್ತು. ಅವಳ ಬಾಯಿಂದ ಭಾಗಾಕಾರ ಕೇಳುವ ತನಕ ಈ ಸೊನ್ನೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತಪ್ಪು ಅಂತ ಹೇಳಲಿಲ್ಲ. "ಆರು ಮಂದಿ ಕೂಡಿ ಕಬ್ಬು ಕಡದು 612 ರೂಪಾಯಿ ಬಂದ್ರ, ಒಬ್ಬೊಬ್ರಿಗೆ ಹನ್ನೆರಡು ರೂಪಾಯಿನೇನವ್ವಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಟ್ರ್ಯಾಕ್ಟರ್ ಸದ್ದು ಮಾತ್ರ. ಆಮೇಲೆ, "ಅಯ್ಯ, ನೂರರ ಮ್ಯಾಲ ಬರಬೇಕಲ್ರಿ!" ಮತ್ತೆ ಮೊದಲಿಂದ ಮಾಡಿದಳು. ಎಲ್ಲಿ ಬಿಟ್ಟಿತು ಅಂತ ಅವಳೇ ಹುಡುಕಿದಳು. "ನಡಕ ಪೂಜಿ ಬಿಟ್ಟೇನ್ರಿ." ಪೂಜಿ ಅಂದರೆ ನಮ್ಮ ಕಡೆ ಸೊನ್ನೆ. ಇನ್ನೊಂದು ಲೆಕ್ಕ, 824 ಭಾಗಿಸು 8, ಕೊಟ್ಟೆ. ಒಂದುನೂರಾ ಮೂರು ಅಂತ ಸರಿಯಾಗಿ ಹೇಳಿದಳು. ಅವತ್ತಿಗೆ ಅಷ್ಟೇ. ಹದಿನಾರು ನಿಮಿಷ.

ಕರೆ ಎಷ್ಟು ಹೊತ್ತು ಇರಬೇಕು?

15ರಿಂದ 20 ನಿಮಿಷ. ಅದಕ್ಕಿಂತ ಜಾಸ್ತಿ ಆದರೆ ಕಿವಿ ಬಿಸಿಯಾಗುತ್ತೆ, ಮನಸ್ಸು ಬೇರೆ ಕಡೆ ಹೋಗುತ್ತೆ. ವಾರಕ್ಕೆ ಎರಡು ಸಲ ಆದರೆ ಒಳ್ಳೆಯದು. ಒಂದೇ ಸಲ ಆದರೂ ಪರವಾಗಿಲ್ಲ, ಆದರೆ ದಿನ ಮತ್ತು ಹೊತ್ತು ತಪ್ಪಬಾರದು. ಮಂಗಳವಾರ ಏಳು ಗಂಟೆ ಅಂದರೆ ಮಂಗಳವಾರ ಏಳು ಗಂಟೆ. ನಾವು ಒಂದು ಸಲ ತಪ್ಪಿಸಿದರೆ ಮಗು ಮುಂದಿನ ಸಲ ಪುಸ್ತಕ ತೆಗೆದಿಟ್ಟುಕೊಂಡು ಕೂತಿರುವುದಿಲ್ಲ.

ಮಗು ಸುಮ್ಮನಾಗಿಬಿಟ್ಟರೆ ಏನು ಮಾಡಲಿ?

ನೀವೂ ಸುಮ್ಮನಿರಿ. ಇದು ಕಷ್ಟ, ನನಗೂ ಬಹಳ ದಿನ ಹಿಡಿಯಿತು. ಕ್ಲಾಸಿನಲ್ಲಿ ಮಗುವಿನ ಮುಖ ಕಾಣುತ್ತೆ, ಬೆರಳು ಎಣಿಸುವುದು ಕಾಣುತ್ತೆ. ಫೋನಿನಲ್ಲಿ ಐದು ಸೆಕೆಂಡು ಮೌನ ಆದರೆ ಕರೆ ಕಟ್ಟಾಯಿತೇನೋ ಅಂತ ನಮಗೆ ಗಾಬರಿ. ನಾವೇ ಉತ್ತರ ಹೇಳಿಬಿಡುತ್ತೇವೆ. ಅದಕ್ಕೆ ನಾನು ಮಕ್ಕಳಿಗೆ ಒಂದು ಮಾತು ಹೇಳಿಟ್ಟಿದ್ದೇನೆ: ಯೋಚನೆ ಮಾಡುತ್ತಿದ್ದರೆ ಪೆನ್ಸಿಲಿನಿಂದ ಫೋನಿನ ಹತ್ತಿರ ಟಕ್ ಟಕ್ ಅಂತ ಬಡಿ. ಆ ಸದ್ದು ಕೇಳುತ್ತಿದ್ದರೆ ನಾನು ಎಷ್ಟು ಹೊತ್ತಾದರೂ ಕಾಯುತ್ತೇನೆ.

"ತಿಳೀತಾ?" ಅಂತ ಮಾತ್ರ ಕೇಳಬೇಡಿ. "ಹೂನ್ರಿ" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ನಿನ್ನ ತಮ್ಮನಿಗೆ ಇದನ್ನ ಹೇಳಿಕೊಡು, ನಾನು ಕೇಳ್ತೀನಿ" ಅನ್ನಿ.

ಫೋನಿನಲ್ಲಿ ಅಕ್ಷರ ಸರಿಯಾಗಿ ಕೇಳಿಸಲ್ಲ. ಶ, ಷ, ಸ ಒಂದೇ ಥರ ಕೇಳುತ್ತೆ. ಯಾಕೆ?

ನಿಮ್ಮ ಕಿವಿಯ ತಪ್ಪಲ್ಲ, ಮಗುವಿನ ತಪ್ಪೂ ಅಲ್ಲ. ಹಳೆಯ ಥರದ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್ ತನಕದ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಸ ಅನ್ನುವಾಗ ಬರುವ ಸಿಳ್ಳೆಯಂಥ ಸದ್ದು ಹೆಚ್ಚಿನದು ಅದಕ್ಕಿಂತ ಮೇಲಿದೆ. ಅದು ದಾರಿಯಲ್ಲೇ ಕಳೆದುಹೋಗುತ್ತೆ. ಹೊಸ 4ಜಿ ಕರೆಯಲ್ಲಿ ಸುಮಾರು 7,000 ಹರ್ಟ್ಸ್ ತನಕ ಹೋಗುತ್ತೆ, ಆದರೆ ಎರಡೂ ಕಡೆ ಅಂಥ ಫೋನ್, ಅಂಥ ಸಿಗ್ನಲ್ ಇರಬೇಕು. ಕಡಿಮೆ ಬೆಲೆಯ ಕೀಪ್ಯಾಡ್ ಫೋನಿನಲ್ಲೂ ಈಗ 4ಜಿ ಇರುವವು ಸಿಗುತ್ತವೆ. ಹೊಸದು ಕೊಳ್ಳುವವರಿದ್ದರೆ ಅದನ್ನು ನೋಡಿ ತಗೊಳ್ಳಿ.

ಹಾಗಾಗಿ ಉಕ್ತಲೇಖನ ಕೊಡುವಾಗ ಅಕ್ಷರಕ್ಕೊಂದು ಪದ ಜೋಡಿಸಿ. "ಶಾಲೆಯ ಶ", "ಸಂತೆಯ ಸ", "ಭೂಷಣದ ಷ". ದ ಮತ್ತು ಧ, ಬ ಮತ್ತು ಭ ಇವುಗಳಿಗೂ ಹಾಗೇ: "ದನದ ದ", "ಧಾನ್ಯದ ಧ". ಮಕ್ಕಳಿಗೆ ಇದು ಆಟ ಆಗಿಬಿಡುತ್ತೆ, ತಾವೇ ಪದ ಹುಡುಕುತ್ತಾರೆ.

ಅಂಕಿಗಳಲ್ಲೂ ಎಚ್ಚರ ಬೇಕು. ಇಪ್ಪತ್ತು, ಎಪ್ಪತ್ತು, ಎಂಬತ್ತು ಫೋನಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. "ಎಪ್ಪತ್ತು, ಏಳು ಸೊನ್ನೆ" ಅಂತ ಎರಡು ಸಲ ಹೇಳಿ. ಮಗು ಬರೆದುಕೊಂಡ ಲೆಕ್ಕವನ್ನು ವಾಪಸ್ ಓದಿಸಿ. ಎಷ್ಟೋ ಸಲ ಮಗು ಸರಿಯಾಗೇ ಮಾಡಿರುತ್ತೆ, ಲೆಕ್ಕವೇ ಬೇರೆ ಬರೆದುಕೊಂಡಿರುತ್ತೆ.

ಚಿತ್ರ, ಆಕೃತಿ ಹೇಗೆ ಕಲಿಸೋದು?

ಪುಟದ ನಂಬರ್ ಹೇಳಿ ಇಬ್ಬರೂ ಒಂದೇ ಚಿತ್ರ ನೋಡುವುದು ಸುಲಭದ ದಾರಿ. ಇನ್ನೊಂದು, ನೋಟ್‌ಬುಕ್ಕಿನ ಹಾಳೆಯಲ್ಲಿ ಚೌಕ ಹಾಕಿಸಿ, ಅಡ್ಡ ಸಾಲಿಗೆ ಒಂದು ಎರಡು ಮೂರು, ಉದ್ದ ಸಾಲಿಗೆ ಅ ಆ ಇ ಅಂತ ಬರೆಸಿ. "ಅ ಎರಡರಲ್ಲಿ ಒಂದು ಚುಕ್ಕೆ, ಇ ಎರಡರಲ್ಲಿ ಒಂದು ಚುಕ್ಕೆ, ಇ ಐದರಲ್ಲಿ ಒಂದು ಚುಕ್ಕೆ, ಮೂರನ್ನೂ ಸೇರಿಸು. ಏನು ಬಂತು?" ಲಂಬಕೋನ ತ್ರಿಭುಜ ಬಂದಿರುತ್ತೆ. ಮುಂದೆ ಹೈಸ್ಕೂಲಿನಲ್ಲಿ ನಕ್ಷೆಯ ಪಾಠ ಬಂದಾಗ ಇದೇ ಅಭ್ಯಾಸ ಕೈಹಿಡಿಯುತ್ತೆ.

ಪ್ರಯೋಗ ಮಾಡಬೇಕಾದ ವಿಜ್ಞಾನದ ಪಾಠ ಮಾತ್ರ ಫೋನಿನಲ್ಲಿ ಕಷ್ಟ. ಆದರೆ ಧ್ವನಿಯ ಪಾಠ ಬಹಳ ಚೆನ್ನಾಗಿ ಬರುತ್ತೆ. ವಿಜಯಪುರದ ಮಕ್ಕಳಿಗೆ ಗೋಲಗುಮ್ಮಟದಿಂದ ಶುರು ಮಾಡಿ. ಗುಮ್ಮಟದ ಒಳಗಿನ ಪಡಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತೆ. ಅದನ್ನು ಮಾಡಿ ನೋಡಿದ ಮಕ್ಕಳಿಗೆ ಧ್ವನಿಯ ಪ್ರತಿಫಲನ ಅಂದರೇನು ಅಂತ ಹೇಳಿಕೊಡಬೇಕಾದ್ದೇ ಇಲ್ಲ, ಅವರೇ ನಮಗೆ ಹೇಳುತ್ತಾರೆ.

ಮನೆಯಲ್ಲಿ ಮಗ್ಗದ ಸದ್ದು. ಹೇಗೆ ಪಾಠ ಕೇಳೋದು?

ರಬಕವಿ-ಬನಹಟ್ಟಿ, ಗುಳೇದಗುಡ್ಡ, ಇಳಕಲ್ಲಿನಿಂದ ಈ ಪ್ರಶ್ನೆ ಬಂದೇ ಬರುತ್ತೆ. ಪವರ್‌ಲೂಮ್ ಓಡುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ, ಇನ್ನು ಫೋನ್ ಎಲ್ಲಿ ಕೇಳಬೇಕು. ನಮ್ಮ ಶಾಲೆಯ ಒಬ್ಬ ಹುಡುಗ ಇದಕ್ಕೆ ತಾನೇ ಒಂದು ದಾರಿ ಕಂಡುಕೊಂಡ. ಕರೆಂಟ್ ಹೋದ ಕೂಡಲೇ ಮಗ್ಗ ನಿಲ್ಲುತ್ತೆ, ಆಗ ನನಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಕರೆಂಟ್ ಬರುವ ತನಕ ಪಾಠ. ಕೆಲವು ದಿನ ಮಗ್ಗ ಶುರುವಾಗುವ ಮೊದಲೇ, ಬೆಳಿಗ್ಗೆ ಆರಕ್ಕೆ ಕರೆ ಮಾಡುತ್ತಿದ್ದೆ. ಹೊತ್ತು ಯಾವುದು ಅಂತ ನಾವು ಗಡಿಯಾರ ನೋಡಿ ತೀರ್ಮಾನಿಸಬಾರದು, ಆ ಮನೆಯವರನ್ನು ಕೇಳಬೇಕು.

ಒಂದೇ ಸಲ ನಾಲ್ಕೈದು ಮಕ್ಕಳಿಗೆ ಹೇಳಬಹುದಾ?

ಹೇಳಬಹುದು. ಸಾಮಾನ್ಯ ಫೋನಿನಲ್ಲೇ ಕಾನ್ಫರೆನ್ಸ್ ಕರೆ ಇರುತ್ತೆ. ನಿಮ್ಮನ್ನೂ ಸೇರಿಸಿ ಸಾಮಾನ್ಯವಾಗಿ ಆರು ಜನ. ಮೊದಲ ಮಗುವಿಗೆ ಕರೆ ಮಾಡಿ, ಎರಡನೆಯದನ್ನು ಸೇರಿಸಿ, ಮರ್ಜ್ ಒತ್ತಿ. ಹೀಗೇ ಮುಂದೆ. ಆದರೆ ನನ್ನ ಅನುಭವದಲ್ಲಿ ಮೂರು ಮಕ್ಕಳು ಸಾಕು. ಜಾಸ್ತಿ ಆದರೆ ಚುರುಕಾದವರು ಮಾತಾಡುತ್ತಾರೆ, ಉಳಿದವರು ಮರೆಯಾಗುತ್ತಾರೆ. ಹೆಸರು ಕರೆದೇ ಪ್ರಶ್ನೆ ಕೇಳಿ. ಪದ್ಯ ಹಾಡಿಸುವುದು, ವಚನ ಹೇಳಿಸುವುದು, ಮಗ್ಗಿ ಸರದಿ ಪ್ರಕಾರ ಹೇಳಿಸುವುದು ಗುಂಪಿನಲ್ಲಿ ಚೆಂದ. ಎಲ್ಲರೂ ಒಟ್ಟಿಗೆ ಹಾಡಿಸಲು ಹೋಗಬೇಡಿ, ಫೋನಿನಲ್ಲಿ ಧ್ವನಿ ಹಿಂದೆ ಮುಂದೆ ಆಗಿ ಬರೀ ಗದ್ದಲ ಆಗುತ್ತೆ.

ಕರೆಯ ಖರ್ಚು ಯಾರದು?

ಶಿಕ್ಷಕರದೇ ಆಗಲಿ. ಮಗು ಮಿಸ್ಡ್ ಕಾಲ್ ಕೊಡಲಿ, ನಾವು ಮಾಡೋಣ. ಈಗ ಹೆಚ್ಚಿನ ಪ್ಯಾಕಿನಲ್ಲಿ ಕರೆಗೆ ಬೇರೆ ದುಡ್ಡಿಲ್ಲ. ಆ ಮನೆಯಲ್ಲಿ ಪ್ಯಾಕ್ ಮುಗಿದಿದ್ದರೆ ಕೆಲವು ದಿನ ಒಳಬರುವ ಕರೆ ಬರುತ್ತಿರುತ್ತೆ, ಆಮೇಲೆ ಅದೂ ನಿಲ್ಲುತ್ತೆ. ಹಾಗಾಗಿ ಪಕ್ಕದ ಮನೆಯ ಒಂದು ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮೂರಲ್ಲಿ ನೆಟ್‌ವರ್ಕೇ ಇಲ್ಲ.

ಖಾನಾಪುರದ ಕಾಡಂಚಿನ ಹಳ್ಳಿಯವರ ಮಾತು ಇದು. ಸಿಗ್ನಲ್ ಸಿಗುವ ದಿಬ್ಬ, ಬಸ್ ನಿಲ್ದಾಣ ಅಂತ ಒಂದು ಜಾಗ ಎಲ್ಲಾ ಊರಲ್ಲೂ ಇರುತ್ತೆ. ಆದರೆ ಮಕ್ಕಳನ್ನು ಸಂಜೆ ಅಲ್ಲಿಗೆ ಒಬ್ಬರನ್ನೇ ಕಳಿಸಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ದೊಡ್ಡವರು ಜೊತೆಗೆ ಹೋಗುವುದಾದರೆ ವಾರಕ್ಕೊಮ್ಮೆ ಹಗಲು ಹೊತ್ತಿನಲ್ಲಿ ಮಾಡಿ. ಇಲ್ಲದಿದ್ದರೆ ಫೋನ್ ಪಾಠ ಆ ಊರಿಗೆ ಆಗುವುದಿಲ್ಲ. ಅಲ್ಲಿಗೆ ಶಿಕ್ಷಕರೇ ಹೋಗಬೇಕು.

ಮನೆಯಲ್ಲಿ ಲಂಬಾಣಿ ಅಥವಾ ಮರಾಠಿ ಮಾತಾಡುವ ಮಕ್ಕಳಿಗೆ ಹೇಗೆ?

ವಿಜಯಪುರದ ತಾಂಡಾಗಳಲ್ಲಿ, ಬೆಳಗಾವಿಯ ಗಡಿಭಾಗದಲ್ಲಿ ಇದು ದಿನದಿನದ ಮಾತು. ಫೋನಿನಲ್ಲಿ ಕೈಸನ್ನೆ ಇಲ್ಲ, ಮುಖ ಇಲ್ಲ. ಭಾಷೆ ತಿಳಿಯದಿದ್ದರೆ ಮಗುವಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಅವರ ಮಾತಿನ ಕೆಲವು ಪದ ನಾವೇ ಕಲಿಯಬೇಕು. ಮೊದಲ ಕರೆಗಳಲ್ಲಿ ಮಗುವೇ ನಮಗೆ ಮೇಷ್ಟ್ರು. ನೀರಿಗೆ ಏನಂತೀರಿ, ರೊಟ್ಟಿಗೆ ಏನಂತೀರಿ ಅಂತ ಕೇಳಿ. ಅದು ಒಂದು ಪದ ನಮಗೆ ಕಲಿಸಲಿ, ನಾವು ಅದರ ಕನ್ನಡ ಪದ ಕಲಿಸೋಣ. ನಮ್ಮ ಉಚ್ಚಾರ ತಪ್ಪಾದಾಗ ಆ ಕಡೆಯಿಂದ ನಗು ಬರುತ್ತಲ್ಲ, ಅಲ್ಲಿಂದ ಮಗುವಿನ ಹೆದರಿಕೆ ಹೋಗುತ್ತೆ.

ಹೆಣ್ಣುಮಕ್ಕಳಿಗೆ ಫೋನ್ ಕೊಡಲು ಮನೆಯವರು ಒಪ್ಪಲ್ಲ. ಏನು ಹೇಳಲಿ?

ಅವರ ಅಂಜಿಕೆಯನ್ನು ಹಗುರಾಗಿ ನೋಡಬೇಡಿ. ನಾನು ಮೊದಲು ತಾಯಿಯ ಜೊತೆ ಮಾತಾಡುತ್ತೇನೆ. ಮನೆಯವರ ನಂಬರಿಗೇ ಕರೆ, ಗೊತ್ತಾದ ಹೊತ್ತಿಗೇ ಕರೆ, ಸ್ಪೀಕರ್ ಹಾಕಿ ನಡುಮನೆಯಲ್ಲಿ ಕೂತು ಪಾಠ. ಮಗುವಿಗೆ ಬೇರೆ ನಂಬರ್, ಬೇರೆ ಮೆಸೇಜ್ ಯಾವುದೂ ಇಲ್ಲ. ಯಾವ ಶಿಕ್ಷಕರೇ ಆಗಲಿ ಈ ಕಟ್ಟಳೆ ಮೀರಬಾರದು. ಸ್ಪೀಕರ್ ಹಾಕಿದ್ದರಿಂದ ಇನ್ನೊಂದು ಲಾಭ ಆಯಿತು. ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದ ಒಬ್ಬ ತಾಯಿ ಒಂದು ದಿನ, "ಅಕ್ಕೋರ, ಆ ಲೆಕ್ಕದ ಉತ್ತರ ನಾ ಹೇಳ್ಲೇನ್ರಿ?" ಅಂದರು. ಅವರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಉತ್ತರ ಸರಿ ಇತ್ತು. ಆಮೇಲೆ ಆ ಮನೆಯಲ್ಲಿ ಫೋನ್ ಕೊಡುವ ಬಗ್ಗೆ ತಕರಾರು ಬರಲಿಲ್ಲ.

ಶಾಲೆಯ ಹೆಸರು ಹೇಳಿ, ಸ್ಕಾಲರ್‌ಶಿಪ್ ಬಂದಿದೆ ಅಂತ ಓಟಿಪಿ ಕೇಳುವ ಕರೆಗಳಿಂದ ಹುಷಾರಾಗಿರಿ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಗುವಿಗೆ ಯಾರಿಂದಲಾದರೂ ತೊಂದರೆ ಇದ್ದರೆ ಮಕ್ಕಳ ಸಹಾಯವಾಣಿ 1098. ಈ ಎರಡೂ ನಂಬರನ್ನು ನಾನು ಮಕ್ಕಳ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆಸುತ್ತೇನೆ.

ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಇದು ಉಪಯೋಗನಾ?

ಬಹಳ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುತ್ತವೆ. ಒಂದು ಹೋದರೆ ಮುಂದಿನದು ಕೆಲವೇ ವಾರಗಳಲ್ಲಿ. ಅಷ್ಟರೊಳಗೆ ಹುಡುಗ ಗೋವಾದಲ್ಲಿ ಕೆಲಸಕ್ಕೆ ಸೇರಿರುತ್ತಾನೆ. ಅವನನ್ನು ತಲುಪಲು ಫೋನ್ ಬಿಟ್ಟು ಬೇರೆ ಏನಿದೆ? ಪೂರ್ತಿ ಪುಸ್ತಕ ಹಿಡಿಯಬೇಡಿ. ಅವನಿಗೆ ಅರ್ಧ ಗೊತ್ತಿರುವ ಪಾಠ ಯಾವುದು ಅಂತ ಕೇಳಿ, ಅದನ್ನು ಪೂರ್ತಿ ಮಾಡಿಸಿ. ಹೆಚ್ಚಿನವರು ಓದು ಬಿಡುವುದು ಬುದ್ಧಿ ಇಲ್ಲದೆ ಅಲ್ಲ, ನಾಚಿಕೆಯಿಂದ. ಕ್ಲಾಸಿಗೆ ಬರಲು ನಾಚುವವರು ಫೋನಿನಲ್ಲಿ ಮನಸ್ಸು ಬಿಚ್ಚುತ್ತಾರೆ. ಮನಸ್ಸು ತೀರಾ ಕುಗ್ಗಿದ್ದರೆ 14416, ಟೆಲಿ-ಮಾನಸ್ ನಂಬರ್ ಕೊಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಬೇಡ.

ದೊಡ್ಡವರಿಗೆ ಇಂಥ ವ್ಯವಸ್ಥೆ ಇದೆಯಾ?

ಇದೆ. ಕಿಸಾನ್ ಕಾಲ್ ಸೆಂಟರ್ 2004ರಿಂದ ನಡೆಯುತ್ತಿದೆ, 1800-180-1551. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರ ತನಕ. ದ್ರಾಕ್ಷಿ, ದಾಳಿಂಬೆ, ಕಬ್ಬಿನ ರೋಗದ ಬಗ್ಗೆ ಕನ್ನಡದಲ್ಲೇ ಕೇಳಬಹುದು. ಕರೆ ಮಾಡುವ ಮೊದಲು ಹೊಲಕ್ಕೆ ಹೋಗಿ ಎಲೆಯ ಮೇಲೆ, ಎಲೆಯ ಕೆಳಗೆ, ಕಾಂಡದಲ್ಲಿ ಏನು ಕಾಣುತ್ತೆ ಅಂತ ನೋಡಿ ಬರೆದುಕೊಳ್ಳಿ. ಆ ಕಡೆಯವರಿಗೆ ನಿಮ್ಮ ಗಿಡ ಕಾಣುವುದಿಲ್ಲ ಅಲ್ವಾ.

ಪಾಠವನ್ನು ರೆಕಾರ್ಡ್ ಮಾಡಬಹುದಾ?

ಮನೆಯವರನ್ನು ಕೇಳಿ, ಒಪ್ಪಿದರೆ ಮಾತ್ರ. ಗ್ರೂಪಿಗೆ ಹಾಕಬೇಡಿ. ಮಗು ತಪ್ಪು ಮಾಡಿದ್ದು ಊರಿಗೆಲ್ಲ ಕೇಳಬಾರದು.

ಹಾಗಾದರೆ ಗುಳೆ ಹೋದವರ ಮಕ್ಕಳಿಗೆ ಶಾಲೆ ಬೇಡ, ಫೋನ್ ಸಾಕು ಅಂತೀರಾ?

ಖಂಡಿತ ಇಲ್ಲ. ಮಗು ಊರಲ್ಲೇ ಉಳಿದು, ಹಾಸ್ಟೆಲಿನಲ್ಲೋ ಅಜ್ಜಿಯ ಮನೆಯಲ್ಲೋ ಇದ್ದು ಶಾಲೆಗೆ ಬಂದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಮೊದಲು ಅದಕ್ಕೇ ಪ್ರಯತ್ನ ಮಾಡಿ. ಆಗದೇ ಹೋದಾಗ ಫೋನ್. ಕಬ್ಬಿನ ಹಂಗಾಮು ಮುಗಿಸಿ ನಾಲ್ಕೈದು ತಿಂಗಳ ಮೇಲೆ ವಾಪಸ್ ಬಂದ ಮಗು ಸೀದಾ ಕ್ಲಾಸಿಗೆ ಬಂದು ಕೂರಬೇಕು, ಹಿಂದೆ ಬಿದ್ದೆ ಅಂತ ಬಾಗಿಲಲ್ಲೇ ನಿಲ್ಲಬಾರದು. ಕರೆ ಮಾಡುವುದು ಅದಕ್ಕೋಸ್ಕರ.

ನಾಳೆಯಿಂದ ಶುರು ಮಾಡಬೇಕು ಅಂತಿದ್ದೇನೆ. ಮೊದಲ ಕರೆಯಲ್ಲಿ ಏನು ಹೇಳಲಿ?

ಮೊದಲ ದಿನ ಪಾಠ ಬೇಡ. ಊಟ ಆಯ್ತಾ, ಏನು ಮಾಡಿದ್ದರು, ಈಗ ಎಲ್ಲಿ ಕೂತಿದ್ದೀಯಾ, ಪಕ್ಕದಲ್ಲಿ ಯಾರಿದ್ದಾರೆ ಅಂತ ಕೇಳಿ. ಪುಸ್ತಕ ತಂದಿದ್ದೀಯಾ ಅಂತ ಕೇಳಿ. ತಂದಿಲ್ಲ ಅಂದರೆ ಬೈಯಬೇಡಿ, ಆ ಕಡೆ ಹೋಗುವ ಯಾರ ಕೈಯಲ್ಲಾದರೂ ಕಳಿಸಿಕೊಡಿ. ಅವ್ವನ ಕೈಗೆ ಫೋನ್ ಕೊಡಿಸಿ ಯಾವ ಹೊತ್ತು ಅನುಕೂಲ ಅಂತ ಗೊತ್ತು ಮಾಡಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರಿಗೆ ಒಂದು ಪುಟ ತೆಗೆದಿಡಿ, ದಿನಾಂಕ ಹಾಕಿ, ಮುಂದಿನ ಕರೆಯ ದಿನ ಬರೆದುಕೊಳ್ಳಿ.